ಅತ್ತೆಗೆ ಬಿಟ್ಟ ಎರಡು ಕೋರ್

ಜೂನ್ 2, ಮಂಗಳವಾರ. ಬೆಳಿಗ್ಗೆ.

ಸ್ಕ್ರೀನ್ ಮೇಲೆ ಗಾಜಿನ ಗೋಡೆ ಬಂತು, ರೆಂಡರ್ ಮತ್ತೆ ತೆವಳೋಕೆ ಶುರು. ಗಾಜು ಅಂದ್ರೆ ರೆಂಡರ್‌ಗೆ ಜೀವ ಹೋಗುತ್ತೆ — ಬೆಳಕು ಎಲ್ಲಿ ಬಡಿದು ಎಲ್ಲಿಗೆ ಹಾರಿತು ಅಂತ ಚುಕ್ಕಿ ಚುಕ್ಕಿಗೂ ಲೆಕ್ಕ ಹಾಕಬೇಕಲ್ಲ. ಫ್ಯಾನು ಕಿರುಚ್ತಿದೆ. ಮೌಸ್ ಎಳೆದ್ರೆ ಬಾಣ ಯಾವಾಗಲೋ ಬರುತ್ತೆ. ಎದ್ದೆ, ಕಿಟಕಿ ತೆಗೆದೆ, ಕೂತೆ, ಮತ್ತೆ ಎದ್ದು ಮುಚ್ಚಿದೆ. ಕಂಪ್ಯೂಟರ್ ಕೈಗೆ ಸಿಗೋವರೆಗೂ ಈ ಪುಸ್ತಕದಲ್ಲಿ ಗೀಚೋದೇ ಕೆಲಸ.

ಇನ್ನೂ ಕಟ್ಟದ ಕಟ್ಟಡದೊಳಗೆ ಜನರನ್ನ ಓಡಾಡಿಸೋದು ನನ್ನ ಹೊಟ್ಟೆಪಾಡು. ವಾಕ್‌ಥ್ರೂ ಅಂತಾರೆ, ಎರಡು ನಿಮಿಷದ ಸಿನಿಮಾ. ಅದರ ಚಿತ್ರಗಳನ್ನ ಕಂಪ್ಯೂಟರ್ ಒಂದೊಂದಾಗಿ ಬಿಡಿಸೋದೇ ರೆಂಡರ್. ಆಫೀಸಲ್ಲಿದ್ದಾಗ ರೆಂಡರ್‌ಗೇ ಅಂತ ಬೇರೆ ಮಷೀನ್ ಇತ್ತು, ಹಾಕಿ ಮರೆತುಬಿಡ್ತಿದ್ದೆ. ಈಗ ಮನೆ. ಒಂದು ಕಂಪ್ಯೂಟರ್, ಎರಡು ಕೀಬೋರ್ಡ್, ಇಬ್ಬರು ಹೆಂಗಸರು.

ಎರಡನೇ ಕೀಬೋರ್ಡ್ ಅತ್ತೆಯದು. ಗಂಟಲ ಆಪರೇಷನ್ನಲ್ಲಿ ಧ್ವನಿಪೆಟ್ಟಿಗೆ ತೆಗೆದ ಮೇಲೆ ಆಸ್ಪತ್ರೆಯವರು ಒಂದು ಪ್ರೋಗ್ರಾಂ ಹಾಕಿಕೊಟ್ಟಿದಾರೆ. ಅತ್ತೆ ಟೈಪ್ ಮಾಡಿದ್ರೆ ಅದು ಗಟ್ಟಿಯಾಗಿ ಓದುತ್ತೆ. ವಾರ್ತೆ ಓದೋ ಹೆಂಗಸಿನ ಧ್ವನಿ. ಅತ್ತೆ ಅದಕ್ಕೆ 'ಆ ಹುಡುಗಿ' ಅಂತಾರೆ. ಮೊಬೈಲಲ್ಲಿ ಕೊಟ್ಟು ನೋಡಿದ್ವಿ — ಒಂದಕ್ಷರ ಒತ್ತಿದ್ರೆ ಮೂರು ಬೀಳುತ್ತೆ ಅಂತ ದಿಂಬಿನ ಕೆಳಗೆ ತಳ್ಳಿದ್ರು. ಚೀಟಿ ಬರೆಯಿರಿ ಅಂದ್ರೆ, 'ನಾನೇನು ಅರ್ಜಿ ಹಾಕ್ತಿದೀನಾ?' ಕೈಸನ್ನೆ ಅಂತೂ ಬೇಡವೇ ಬೇಡ. ಟೈಪಿಸ್ಟ್ ಆಗಿ ರಿಟೈರ್ ಆದವರು, ಕಿಟಕಿ ಹೊರಗೆ ನೋಡ್ತಾನೇ ಪಟಪಟ ಹೊಡೀತಾರೆ. ಮಾತಿನಷ್ಟೇ ವೇಗ.

ತೊಂದರೆ ಏನಂದ್ರೆ, ನನ್ನ ರೆಂಡರ್ ಓಡ್ತಿದ್ರೆ ಆ ಹುಡುಗಿಗೆ ಬಾಯಿ ಬರಲ್ಲ. ಟೈಪ್ ಮಾಡಿದ್ದೆಲ್ಲ ಒಳಗೆ ಸಾಲು ನಿಂತಿರುತ್ತೆ. ಬಿಡುವಾದಾಗ ಒಂದೊಂದಾಗಿ ಹೊರಗೆ. ಇವತ್ತು 'ಕಾಫಿ ಬೇಕಾ ಅತ್ತೆ' ಅಂತ ಕೇಳಿದ್ದೆ. ಉತ್ತರ ಬಂದಿದ್ದು ಬಿಲ್ಡರ್ ಜೊತೆ ಫೋನಲ್ಲಿದ್ದಾಗ.

"ಬೇಡ. ಪಾತ್ರೆ ತೊಳೆದ ನೀರಿದ್ದ ಹಾಗಿರುತ್ತೆ."

"ಏನಂದ್ರಿ ಮೇಡಂ?" ಅಂದ್ರು ಬಿಲ್ಡರ್. ಈಜುಕೊಳದ ಬಣ್ಣ ಅಂತ ಏನೋ ಹೇಳಿ ತಪ್ಪಿಸ್ಕೊಂಡೆ.

ಜೂನ್ 4, ಗುರುವಾರ

ಇವತ್ತು ಜಗಳ. ಕಾರಣ ಟವೆಲ್ಲು. ಒದ್ದೆ ಟವೆಲ್ ನನ್ನ ಕುರ್ಚಿ ಮೇಲೆ ಹಾಕಬೇಡಿ ಅಂದೆ. ಅಷ್ಟೇ. ಅಲ್ಲಿಂದ ನಾನು ಈ ಮನೆಗೆ ಬಂದ ವರ್ಷದವರೆಗೂ ಹೋಯ್ತು.

ಮೊದಲಾದ್ರೆ ಅತ್ತೆ ಜೊತೆ ಜಗಳದಲ್ಲಿ ಗೆದ್ದವರಿಲ್ಲ. ಅವರ ಆಯುಧ ಒಂದೇ — ನಡುವೆ ಬಾಯಿ ಹಾಕೋದು. ನಮ್ಮ ವಾಕ್ಯ ಮುಗಿಯೋಕೇ ಬಿಡ್ತಿರಲಿಲ್ಲ. ಮಾವ ಇದ್ದಾಗ, ಪಾಪ, ಮೂವತ್ತು ವರ್ಷದಲ್ಲಿ ಒಂದು ಮಾತನ್ನ ಪೂರ್ತಿ ಆಡಿದ್ದು ನೆನಪಿಲ್ಲ ಅಂತಿದ್ರು. ಆಪರೇಷನ್ ಆದ ಮೇಲೆ ಅದೊಂದು ಹೋಯ್ತು. ಈಗ ಎಲ್ಲರ ಮಾತೂ ಮುಗಿದು, ವಿಷಯ ಬದಲಾಗಿ, ಜನ ಎದ್ದು ಹೋದ ಮೇಲೆ ಅವರ ಮಾತು ಬರುತ್ತೆ.

ಇವತ್ತು ಕೀಬೋರ್ಡ್ ಕುಟ್ಟಿ ಕುಟ್ಟಿ ಬೈತಿದ್ರು. ರೆಂಡರ್ ನಿಂತಿತ್ತು, ಹಾಗಾಗಿ ಹುಡುಗಿ ತಡ ಇಲ್ಲದೆ ಓದ್ತಿದ್ಲು — "ನಿನಗೆ ಕೊಬ್ಬು ಜಾಸ್ತಿಯಾಗಿದೆ" ಅನ್ನೋದನ್ನ ಹವಾಮಾನ ವರದಿ ಥರ. ತಡ್ಕೊಳ್ಳೋಕಾಗಲಿಲ್ಲ. ಕೈ ಚಾಚಿ ರೆಂಡರ್ ಬಟನ್ ಒತ್ತಿದೆ.

ಗಪ್‌ಚಿಪ್.

ಎಂಟೂ ಕೋರ್ ನೂರಕ್ಕೆ ನೂರು. ಕೋರ್ ಅಂದ್ರೆ ಪ್ರೊಸೆಸರಿನ ಕೈಗಳಿದ್ದ ಹಾಗೆ. ಎಂಟೂ ನಾನು ಬಿಡಿಸ್ತಿರೋ ಕಟ್ಟಡದ ಲಾಬಿಗೇ ಹೋದ್ವು. ಅತ್ತೆ ಹೊಡೀತಾನೇ ಇದ್ರು, ಟಕ ಟಕ ಟಕ, ಶಬ್ದ ಬರ್ತಿದೆ, ಮಾತು ಬರ್ತಿಲ್ಲ. ಆಮೇಲೆ ಕೈ ನಿಲ್ಲಿಸಿ ನನ್ನನ್ನ ನೋಡಿದ್ರು.

ಕೆಲಸ ಇತ್ತು, ಅದಕ್ಕೆ ಒತ್ತಿದೆ ಅಂತ ಇವರ ಹತ್ರ, ಅಂದ್ರೆ ಅತ್ತೆಯ ಮಗನ ಹತ್ರ, ಹೇಳಿದೆ. ಸುಳ್ಳು. ಬೇಕಂತಲೇ ಒತ್ತಿದ್ದು. ಒಂದು ಗಳಿಗೆ ಎಷ್ಟು ಹಾಯಾಗಿತ್ತು ಅಂದ್ರೆ — ಆಮೇಲೆ ಊಟ ಸೇರಲಿಲ್ಲ.

ಜೂನ್ 6, ಶನಿವಾರ

ಬಿಲ್ಡರ್‌ಗೆ ಅವಸರ. ನನಗೆ ದುಡುಕು. ಟಾಸ್ಕ್ ಮ್ಯಾನೇಜರ್ — ಯಾವ ಪ್ರೋಗ್ರಾಂ ಎಷ್ಟು ಉಣ್ತಿದೆ ಅಂತ ತೋರಿಸೋ ಪಟ್ಟಿ — ತೆಗೆದು ರೆಂಡರ್‌ಗೆ ಪ್ರಯಾರಿಟಿ, ಅಂದ್ರೆ ಸರದಿ, ಎಲ್ಲಕ್ಕಿಂತ ಮೇಲಿನದು ಕೊಟ್ಟೆ, ರಿಯಲ್‌ಟೈಮ್. ಬೇಗ ಮುಗೀಲಿ ಅಂತ. ಆಹಾ! ಬಾಣ ನಿಂತಲ್ಲೇ ಕಲ್ಲು. ಕೀಬೋರ್ಡ್ ಸತ್ತಿತು. ಗಡಿಯಾರ ಕೂಡ ನಿಂತಿತು. ಯಾರ ಮಾತೂ ಕೇಳಲ್ಲ ಅಂತ ರೆಂಡರ್ ಒಂದೇ ಒಳಗೆ ಕೂತು ಉಣ್ತಿದೆ. ಕೊನೆಗೆ ಪವರ್ ಬಟನ್ ಒತ್ತಿ ಹಿಡ್ಕೊಂಡು ಕೊಂದೆ. ಬೆಳಿಗ್ಗೆಯಿಂದ ಮಾಡಿದ್ದೆಲ್ಲ ನೀರಲ್ಲಿ ಹೋಮ.

ಅತ್ತೆ ಭುಜ ಕುಣಿಸಿ ನಗ್ತಿದ್ರು. ಶಬ್ದ ಇಲ್ಲದ ನಗು. ನನಗೂ ನಗು ಬಂತು, ತೋರಿಸಲಿಲ್ಲ.

ಜೂನ್ 8, ಸೋಮವಾರ. ಮಧ್ಯಾಹ್ನ.

ತಲೆ ಕೆಟ್ಟು ಮೊಸರಾಗಿದೆ. ಬೆಳಿಗ್ಗೆ ಬಿಲ್ಡರ್ ಆಫೀಸಿಗೆ ಓಡಿದ್ದೆ, ಸೋಫಾ ಬಣ್ಣ ಒಪ್ಪಿಸೋಕೆ. ರೆಂಡರ್ ಹಾಕಿ ಹೋದೆ. ಸೋಮವಾರ ನಾದಿನಿ ಫೋನ್ ಮಾಡೋ ದಿನ. ಅತ್ತೆ ಮೊಬೈಲನ್ನ ಸ್ಪೀಕರ್ ಮುಂದೆ ಇಟ್ಕೊಂಡು ಆ ಹುಡುಗಿ ಬಾಯಲ್ಲಿ ಮಗಳ ಜೊತೆ ಮಾತಾಡ್ತಾರೆ. ಆ ಹೊತ್ತಿಗೆ ರೆಂಡರ್ ನಿಲ್ಲಿಸ್ತೀನಿ ಯಾವಾಗಲೂ, ಅಷ್ಟು ಧರ್ಮ ಇದೆ ನನಗೆ. ಇವತ್ತು ಮರೆತೇ ಹೋಯ್ತು.

ವಾಪಸ್ ಬಂದ್ರೆ ಮುಂದಿನ ಕೋಣೆ ಖಾಲಿ. ಅತ್ತೆ ಹಿಂದುಗಡೆ ಬಟ್ಟೆ ಒಣಗಿಸ್ತಿದ್ರು. ರೆಂಡರ್ ನಿಲ್ಲಿಸಿದೆ. ನಿಲ್ಲಿಸಿದ್ದೇ ತಡ, ಹುಡುಗಿ ಶುರು ಮಾಡಿದ್ಲು, ಖಾಲಿ ಕುರ್ಚಿಗೆ —

"ಇಲ್ಲ. ನಾನು ಬರಲ್ಲ. ಇಲ್ಲೇ ಚೆನ್ನಾಗಿದೀನಿ. ಬರಲ್ಲ ಅಂದ್ನಲ್ಲ. ಕೇಳಿಸ್ತಾ?"

ಗುರುವಾರದ ಚೆಕಪ್ಪು! ನಿನ್ನೆ ಎಷ್ಟು ಸಲ ಹೇಳಿದೀನಿ, ಗುರುವಾರ ಆಸ್ಪತ್ರೆ, ರೆಡಿಯಾಗಿರಿ ಅಂತ. ಅದಕ್ಕೆ ಉತ್ತರ ಇದು. ಮೈ ಉರಿದುಹೋಯ್ತು. ಅವರು ಒಳಗೆ ಬಂದ ಕೂಡಲೇ ಹೇಳಿದೆ, "ಬರಲ್ಲ ಅಂದ್ರೆ ಆಗಲ್ಲ ಅತ್ತೆ. ಹೋಗಲೇಬೇಕು. ಫೋನಲ್ಲಿ ಎಲ್ಲ ಮಾತಾಡಿ ಆಗಿದೆ. ನಿಮ್ಮ ಒಳ್ಳೇದಕ್ಕೇ ಹೇಳ್ತಿರೋದು."

ಜಗಳಕ್ಕೆ ತಯಾರಾಗೇ ನಿಂತಿದ್ದೆ. ಅವರು ಕೂತ್ರು. ಬೆರಳು ಕೀಬೋರ್ಡ್ ಮೇಲೆ ಇಟ್ರು, ಹಾಗೇ ತೆಗೆದ್ರು. ಆಮೇಲೆ ಡ್ರಾಯರಿಂದ ಒಂದು ಬಟ್ಟೆ ತೆಗೆದು ಕೀಬೋರ್ಡ್ ಮೇಲೆ ಹೊದಿಸಿ ನಾಲ್ಕೂ ಮೂಲೆ ಎಳೆದು ಸರಿ ಮಾಡಿದ್ರು. ಆಫೀಸಲ್ಲಿ ಸಂಜೆ ಟೈಪ್‌ರೈಟರಿಗೆ ಹೊದಿಸ್ತಿದ್ರಂತೆ, ಹಾಗೆ.

ಜೂನ್ 12, ಶುಕ್ರವಾರ

ಕೀಬೋರ್ಡ್ ಮೇಲಿನ ಬಟ್ಟೆ ಇನ್ನೂ ತೆಗೆದಿಲ್ಲ.

ರೆಂಡರ್ ಸರಾಗವಾಗಿ ಓಡ್ತಿದೆ. ಯಾರ ಅಡ್ಡಿಯೂ ಇಲ್ಲ. ಎಂಟು ಕೋರೂ ನನ್ನವೇ. ಆದ್ರೂ ಕೂತಲ್ಲಿ ಕೂರೋಕಾಗ್ತಿಲ್ಲ. ಮೂರು ಸಲ ನೆಲ ಒರೆಸಿದೆ.

ನಿನ್ನೆ ಆಸ್ಪತ್ರೆಗೆ ಎಳ್ಕೊಂಡು ಹೋಗಬೇಕಾಗುತ್ತೆ ಅನ್ಕೊಂಡಿದ್ದೆ. ನೋಡಿದ್ರೆ ನನಗಿಂತ ಮುಂಚೆ ಚಪ್ಪಲಿ ಹಾಕ್ಕೊಂಡು ಬಾಗಿಲಲ್ಲಿ ನಿಂತಿದಾರೆ! ಬರಲ್ಲ ಬರಲ್ಲ ಅಂದವರು ಇವರೇನಾ? ಡಾಕ್ಟರು ಕೇಳಿದ್ದಕ್ಕೆಲ್ಲ ತಲೆ ಆಡಿಸಿದ್ರು. ತಲೆ ಆಡಿಸೋದು! ನನ್ನತ್ತೆ! ಬೇರೆಯವರ ಅತ್ತೆನ ಕರ್ಕೊಂಡು ಬಂದ್ನೇನೋ ಅನ್ನಿಸ್ತು.

ಮಾತಿನ ಥೆರಪಿಸ್ಟ್ ನನ್ನನ್ನ ಪಕ್ಕಕ್ಕೆ ಕರೆದ್ರು. "ಟೈಪ್ ಮಾಡೋದು ನಿಲ್ಲಿಸಿದಾರಾ? ಹಾಗೆ ಬಿಡಬೇಡಿ. ಮಾತು ತಡವಾಗಿ ಬಂದು ಬಂದು ಬೇಜಾರಾಗಿ ಬಿಟ್ಟುಬಿಡ್ತಾರೆ ಕೆಲವರು. ಒಂದ್ಸಲ ಬಿಟ್ರೆ ಆಮೇಲೆ ಮಾತಾಡೋ ಆಸೇನೇ ಹೋಗುತ್ತೆ."

ಬಸ್ಸಲ್ಲಿ ಅತ್ತೆ ಪಕ್ಕ ಕೂತು ಏನೇನೋ ಹರಟಿದೆ. ಒಂದು ಸಲಾನೂ ನಡುವೆ ಬಾಯಿ ಹಾಕಲಿಲ್ಲ. ನನ್ನ ವಾಕ್ಯಗಳೆಲ್ಲ ಪೂರ್ತಿ ಆದ್ವು. ಕೇಳೋಕೆ ಎಷ್ಟು ಕೆಟ್ಟದಾಗಿತ್ತು.

ಜೂನ್ 13, ಶನಿವಾರ

ನಾದಿನಿ ಫೋನ್ ಮಾಡಿದ್ಲು. ಅಮ್ಮನ ಬಟ್ಟೆ ಕಟ್ಟಿಡಿ ಅತ್ತಿಗೆ, ಮುಂದಿನ ಭಾನುವಾರ, ಇಪ್ಪತ್ತೊಂದಕ್ಕೆ, ಕಾರು ತರ್ತೀನಿ ಅಂತ.

"ಯಾಕೆ?"

"ಯಾಕೆ ಅಂದ್ರೆ? ಅಮ್ಮ ನಮ್ಮನೆಗೇ ಬಂದಿರ್ಲಿ ಅಂತ. ಇಲ್ಲಿ ಅವಳಿಗೇ ಅಂತ ಒಂದು ಲ್ಯಾಪ್‌ಟಾಪ್ ತಂದಿದೀನಿ. ನಿಮ್ಮ ಕೆಲಸಕ್ಕೂ ತೊಂದರೆ ಇಲ್ಲ. ಸೋಮವಾರ ಕೇಳಿದೆ, ಇಲ್ಲ ಅನ್ಲಿಲ್ಲ. ಸುಮಾರು ಹೊತ್ತು ಕಾದೆ. ಇಲ್ಲ ಅನ್ನೋದಿದ್ರೆ ನಮ್ಮಮ್ಮ ಸುಮ್ನಿರ್ತಾಳಾ ಅತ್ತಿಗೆ?"

ಮೊದಲು ಬಂದ ಯೋಚನೆ ಬರೀತೀನಿ, ಯಾರು ಓದ್ತಾರೆ ಇದನ್ನ — ಸದ್ಯ, ಎಂಟೂ ಕೋರ್ ನನಗೆ.

ಆಮೇಲೆ ಫೋನ್ ಕೈಯಲ್ಲಿ ಹಾಗೇ ಉಳೀತು. ಸೋಮವಾರ. ಖಾಲಿ ಕುರ್ಚಿ. 'ನಾನು ಬರಲ್ಲ. ಇಲ್ಲೇ ಚೆನ್ನಾಗಿದೀನಿ.' ಅದು ಆಸ್ಪತ್ರೆಗಲ್ಲ! ಮಗಳಿಗೆ. ಮಗಳು ಫೋನ್ ಇಟ್ಟ ಮೇಲೆ, ನಾನು ರೆಂಡರ್ ನಿಲ್ಲಿಸಿದ ಮೇಲೆ ಹೊರಗೆ ಬಂದಿದ್ದು. ಅದಕ್ಕೆ ನಾನು ಏನಂದೆ? ಹೋಗಲೇಬೇಕು. ಫೋನಲ್ಲಿ ಮಾತಾಡಿ ಆಗಿದೆ. ನಿಮ್ಮ ಒಳ್ಳೇದಕ್ಕೇ.

ಅಯ್ಯೋ ದೇವರೇ. ಸೊಸೆ ಮಗಳು ಸೇರ್ಕೊಂಡು ನನ್ನ ಸಾಗಹಾಕ್ತಿದಾರೆ ಅಂತ ಅತ್ತೆ ತಿಳ್ಕೊಂಡಿದಾರೆ. ಅದೂ ಬಟನ್ ಒತ್ತಿ ಬಾಯಿ ಮುಚ್ಚಿಸಿದ ಸೊಸೆ.

ಓಡಿಹೋಗಿ ಹೇಳಿದೆ. ಆಸ್ಪತ್ರೆ ಅನ್ಕೊಂಡೆ ಅತ್ತೆ, ಆಣೆ ಮಾಡ್ತೀನಿ, ನನಗೆ ಗೊತ್ತೇ ಇರಲಿಲ್ಲ. ಅವರು ಬಟ್ಟೆ ಮಡಚ್ತಿದ್ದೋರು ತಲೆ ಎತ್ತಿ ನೋಡಿದ್ರು, ಮತ್ತೆ ಮಡಚಿದ್ರು. ನಂಬಿದ್ರೋ ಇಲ್ವೋ.

ನಾದಿನಿಗೆ ವಾಪಸ್ ಫೋನ್ ಹಚ್ಚಿದೆ. "ನೀವು ಹೇಳಿದ್ರೆ ಹೇಗೆ ಅತ್ತಿಗೆ? ಅಮ್ಮ ಹೇಳ್ಲಿ" ಅಂದ್ಲು. ಇವರೂ ಅದನ್ನೇ ಅಂದ್ರು, ಅಮ್ಮನ ಬಾಯಿಂದ ಬರಬೇಕು ಅಂತ. ತಪ್ಪೇನಿದೆ ಅದರಲ್ಲಿ. ಬಾಯಿ ಇರೋದು ನನ್ನ ಕಂಪ್ಯೂಟರಲ್ಲಿ.

ಜೂನ್ 15, ಸೋಮವಾರ

ಇಡೀ ದಿನ ಕಂಪ್ಯೂಟರಿನ ಜೊತೆ ಕುಸ್ತಿ. ಇದನ್ನ ಆಪರೇಷನ್ ಆದ ದಿನವೇ ಮಾಡಬೇಕಿತ್ತು.

ಮೊದಲು ಪ್ರಯಾರಿಟಿ. ರೆಂಡರ್‌ದು ಇಳಿಸಿದೆ, ಎಲ್ಲಕ್ಕಿಂತ ಕೆಳಗೆ. ಬೇರೆ ಯಾರಿಗೂ ಬೇಡದಾಗ ಮಾತ್ರ ನೀನು ಉಣ್ಣು ಅಂತ. ಸ್ವಲ್ಪ ಪರವಾಗಿಲ್ಲ. ಆದ್ರೂ ಹುಡುಗಿ ತೊದಲ್ತಿದ್ಲು. ನೋಡಿದ್ರೆ ಮೆಮೊರಿ ಕಂಠಪೂರ್ತಿ. ಬ್ರೌಸರಲ್ಲಿ ಸೋಫಾದ ಐವತ್ತು ಪುಟ ತೆರೆದಿಟ್ಟಿದೀನಿ, ಮರದ ಎಲೆ ಎಲೆಗೂ ದೊಡ್ಡ ದೊಡ್ಡ ಚಿತ್ರ ಹಾಕಿದೀನಿ. ಜಾಗ ಇಲ್ಲದ ಮೇಲೆ ಪ್ರಯಾರಿಟಿ ಕೊಟ್ಟು ಏನು ಬಂತು. ಎಲ್ಲ ಮುಚ್ಚಿದೆ. ಎಲೆಗಳ ಚಿತ್ರ ಅರ್ಧಕ್ಕೆ ಇಳಿಸಿದೆ. ಎರಡನೇ ಮಹಡಿ ಎತ್ತರದಿಂದ ಎಲೆಯ ನರ ಯಾರು ಎಣಿಸ್ತಾರೆ.

ಆಮೇಲೆ ಇನ್ನೊಂದು ಇದೆ, ಸೆಟ್ ಅಫಿನಿಟಿ. ಯಾವ ಪ್ರೋಗ್ರಾಂ ಯಾವ ಕೋರ್ ಮುಟ್ಟಬಹುದು ಅಂತ ಟಿಕ್ ಹಾಕೋದು. ಆಫೀಸಲ್ಲಿ ಹೆಸರು ಕೇಳಿದ್ದೆ, ಬಳಸಿರಲಿಲ್ಲ. ಅಫಿನಿಟಿ ಅಂದ್ರೇನು ಅಂತ ಮಾವನ ಹಳೇ ಡಿಕ್ಷನರಿ ತೆಗೆದೆ. ಮೊದಲನೇ ಅರ್ಥ: ಮದುವೆಯಿಂದ ಬರುವ ನಂಟು.

ಒಬ್ಬಳೇ ನಕ್ಕೆ. ಹೊಟ್ಟೆ ಹಿಡ್ಕೊಂಡು ನಕ್ಕೆ. ಅತ್ತೆ ಒಳಗಿಂದ ಇಣುಕಿ, ಇವಳಿಗೆ ಏನೋ ಆಗಿದೆ ಅಂತ ಹೋದ್ರು. ನಂಟು ಅಂತೆ! ರಕ್ತಸಂಬಂಧ ಅಲ್ಲ, ಮದುವೆಯಿಂದ ಬರೋದು. ಅಂದ್ರೆ ಅತ್ತೆ, ಸೊಸೆ. ಕಂಪ್ಯೂಟರಿನವರು ಎಲ್ಲಿಂದ ಹುಡುಕಿದ್ರೋ ಈ ಪದಾನ.

ರೆಂಡರ್‌ನ ಪಟ್ಟಿಯಲ್ಲಿ ಕೊನೇ ಎರಡು ಕೋರಿನ ಟಿಕ್ ತೆಗೆದೆ. ಆರು ನನಗೆ, ಎರಡು ಅತ್ತೆಗೆ. ರೆಂಡರ್ ಮುಚ್ಚಿ ತೆರೆದ್ರೆ ಮರೆತುಬಿಡುತ್ತೆ ದರಿದ್ರದ್ದು, ಪ್ರತಿ ಸಲ ಹೊಸದಾಗಿ ತೆಗೀಬೇಕು. ತೆಗೀತೀನಿ.

ಬಟ್ಟೆ ಸರಿಸಿ ಅವರ ಕೀಬೋರ್ಡಲ್ಲಿ ನಾನೇ ಹೊಡೆದು ನೋಡಿದೆ: "ಅತ್ತೆ ಕೋಪ ಮಾಡ್ಕೊಂಡಿದಾರೆ." ರೆಂಡರ್ ಓಡ್ತಾನೇ ಇತ್ತು. ಹುಡುಗಿ ತಕ್ಷಣ ಓದಿದ್ಲು. ಅತ್ತೆ ಹುಬ್ಬು ಮೇಲೆ ಹೋಯ್ತು, ಅಷ್ಟೇ. ಬಂದು ಬಟ್ಟೆಯ ಮೂಲೆ ಮತ್ತೆ ಸರಿ ಮಾಡಿದ್ರು. ನಾದಿನಿಯ ಸೋಮವಾರದ ಫೋನ್ ಬಂದಾಗಲೂ ಅದನ್ನ ಸರಿಸಲಿಲ್ಲ.

ಜೂನ್ 18, ಗುರುವಾರ

ಬಿಲ್ಡರ್ ಫೋನ್. ಸೋಮವಾರ ಬೆಳಿಗ್ಗೆಯೇ ವಾಕ್‌ಥ್ರೂ ಬೇಕಂತೆ, ದೊಡ್ಡವರು ಯಾರೋ ನೋಡೋಕೆ ಬರ್ತಾರಂತೆ. ಹಾಗಾದ್ರೆ ಭಾನುವಾರ ಪೂರ್ತಿ ರೆಂಡರ್ ಓಡಲೇಬೇಕು. ಭಾನುವಾರವೇ ನಾದಿನಿ ಬರೋದು.

ಎಂಟು ಕೋರ್ ಹಾಕಿದ್ರೆ ನಿರಾಳವಾಗಿ ಮುಗಿಯುತ್ತೆ. ಆರಲ್ಲಿ ಮುಗಿಯಲ್ಲ. ಕೂತು ಉಗುರು ಕಚ್ಚಿದೆ. ಒಂದು ದಿನದ ಮಟ್ಟಿಗೆ ತಾನೇ, ಬಟ್ಟೆ ಹೊದಿಸಿಟ್ಟಿರೋ ಕೀಬೋರ್ಡಿಗೆ ಯಾಕೆ ಎರಡು ಕೋರು? ಅವರು ಹೇಗೂ ಮಾತಾಡಲ್ಲ. ಈ ಕೆಲಸ ಕೈ ಬಿಟ್ರೆ ಬಿಲ್ಡರ್ ಇನ್ನೊಂದ್ಸಲ ನನ್ನ ಬಾಗಿಲಿಗೆ ಬರಲ್ಲ.

ಎದ್ದು ಮನೆಯೊಳಗೇ ಹತ್ತು ಸುತ್ತು ಹಾಕಿದೆ. ವಾಪಸ್ ಬಂದು ಬಿಲ್ಡರ್‌ಗೆ ಫೋನ್ ಮಾಡಿದೆ.

"ಸಾರ್, ಗಾಜಲ್ಲಿ ಮೋಡ ಕಾಣಬೇಕು ಅಂದಿದ್ರಲ್ಲ, ಅದನ್ನ ತೆಗೀತಿದೀನಿ."

"ಅದೇ ಚೆನ್ನಾಗಿತ್ತಲ್ಲ ಮೇಡಂ!"

"ಮೋಡ ಬೇಕೋ, ಸೋಮವಾರ ಬೇಕೋ ಹೇಳಿ."

ಸೋಮವಾರ ಅಂದ್ರು. ಮೋಡ ಹೋಯ್ತು, ಎರಡು ಮರಾನೂ ಹೋದ್ವು. ಈಗ ಆರು ಕೋರಲ್ಲಿ ಮುಗಿಯುತ್ತೆ, ಕತ್ತಿನವರೆಗೆ ನೀರು ಬಂದಾದ್ರೂ ಮುಗಿಯುತ್ತೆ.

ಜೂನ್ 20, ಶನಿವಾರ. ಸಂಜೆ.

ಅತ್ತೆ ಬ್ಯಾಗು ತುಂಬಿಸಿದಾರೆ. ಔಷಧಿ ಡಬ್ಬ, ಕನ್ನಡಕದ ಪೆಟ್ಟಿಗೆ, ಗಂಟಲಿಗೆ ಕಟ್ಟೋ ತೆಳು ಬಟ್ಟೆಗಳು ಒಂದರ ಮೇಲೊಂದು. ಮಾವನ ಫೋಟೋ ಗೋಡೆಯಿಂದ ಇಳಿಸಿದಾರೆ. ಮೊಳೆ ಮಾತ್ರ ಉಳಿದಿದೆ.

ಹೋಗೋದು ಬೇಡ. ನನಗೆ ಬೇಡ. ಈ ಹೆಂಗಸು ಬೈದೇ ಇದ್ರೆ ನನಗೆ ಮನೆ ಮನೆ ಅನ್ಸಲ್ಲ, ಅಷ್ಟು ಅಭ್ಯಾಸ ಆಗಿಹೋಗಿದೆ. ಹೇಳಬೇಕು. ಬಾಗಿಲವರೆಗೆ ಹೋದೆ. ಬಾಯೇ ಬರಲಿಲ್ಲ! 'ಊಟಕ್ಕೆ ಏನು ಮಾಡ್ಲಿ' ಅಂತ ಕೇಳಿ ವಾಪಸ್ ಬಂದೆ. ನನ್ನ ಗಂಟಲಿಗೆ ಏನಾಗಿದೆ, ಯಾವ ಆಪರೇಷನ್ನೂ ಆಗಿಲ್ಲ.

ಕೊನೆಗೆ ಅವರ ಕುರ್ಚಿಯಲ್ಲಿ ಕೂತೆ. ಕೀಬೋರ್ಡಿನ ಬಟ್ಟೆ ತೆಗೆದೆ. ರೆಂಡರ್ ಓಡ್ತಿತ್ತು. ಸ್ಪೀಕರ್ ಜೋರು ಮಾಡಿ ಹೊಡೆದೆ.

"ಅತ್ತೆ, ಹೋಗಬೇಡಿ. ಅವತ್ತು ಬಟನ್ ಒತ್ತಿದ್ದು ಬೇಕಂತಲೇ. ತಪ್ಪಾಯ್ತು. ಎರಡು ಕೋರ್ ನಿಮಗೇ ಅಂತ ತೆಗೆದಿಟ್ಟಿದೀನಿ. ಮುಟ್ಟಲ್ಲ."

ಹುಡುಗಿ ಒಂದಕ್ಷರ ಬಿಡದೆ, ತಡವರಿಸದೆ, ಇಡೀ ಮನೆಗೆ ಕೇಳೋ ಹಾಗೆ ಓದಿದ್ಲು. ಅತ್ತೆ ಬಾಗಿಲಲ್ಲಿ ಬಂದು ನಿಂತಿದ್ರು. ನನಗೆ ತಲೆ ಎತ್ತೋಕೆ ನಾಚಿಕೆ. ಎತ್ತಿ ನೋಡೋ ಹೊತ್ತಿಗೆ ಒಳಗೆ ಹೋಗಿದ್ರು. ಇವರು ಕೆಲಸದಿಂದ ಬಂದು, ಏನಾಯ್ತು ಕಣ್ಣೆಲ್ಲ ಕೆಂಪಗಿದೆ ಅಂದ್ರು. ಸ್ಕ್ರೀನ್ ನೋಡಿ ನೋಡಿ ಅಂದೆ.

ಜೂನ್ 21, ಭಾನುವಾರ. ಬೆಳಿಗ್ಗೆ ಹನ್ನೊಂದು.

ರೆಂಡರ್ ಓಡ್ತಿದೆ. ಟಿಕ್ ತೆಗೆದಿದೀನಾ ಅಂತ ನಾಲ್ಕು ಸಲ ನೋಡಿ ಬಂದೆ. ತೆಗೆದಿದೀನಿ. ಫ್ಯಾನಿನ ಸದ್ದು, ಅದರ ಮೇಲೆ ನಾದಿನಿಯ ಸದ್ದು. ಮಾತಲ್ಲಿ ಅವಳು ಅಮ್ಮನ ಮಗಳೇ. ಬಂದಾಗಿಂದ ನಿಲ್ಲಿಸಿಲ್ಲ. ಬ್ಯಾಗುಗಳು ಬಾಗಿಲಲ್ಲಿ. ಇವರು ಕಾರಿನ ಡಿಕ್ಕಿ ತೆಗೆಯೋಕೆ ಹೋಗಿದಾರೆ. ಅತ್ತೆ ತಮ್ಮ ಕುರ್ಚಿಯಲ್ಲಿ, ಕೈ ಎರಡೂ ತೊಡೆ ಮೇಲೆ. ಕೀಬೋರ್ಡ್ ಮೇಲೆ ಬಟ್ಟೆ ಹಾಗೇ ಇದೆ. ನಾನು ಮೂಲೆಯಲ್ಲಿ ಕೂತು ಇದನ್ನ ಗೀಚ್ತಿದೀನಿ.

ನಾದಿನಿ ಹೇಳ್ತಿದಾಳೆ, ಮೇಲಿನ ರೂಮು ಕೊಡ್ತೀನಿ ಅಮ್ಮ, ಬಿಸಿಲು ಚೆನ್ನಾಗಿ ಬರುತ್ತೆ. ಲ್ಯಾಪ್‌ಟಾಪಿಗೆ ಆ ಓದೋ ಪ್ರೋಗ್ರಾಂ ಆಸ್ಪತ್ರೆಯವರು ಬಂದು ಹಾಕ್ಕೊಡ್ತಾರೆ, ಸ್ವಲ್ಪ ದಿನ ಆಗುತ್ತಂತೆ, ಅಲ್ಲಿವರೆಗೂ ನಾನಿದೀನಲ್ಲ, ನೀನು ಬಾಯಿ ಬಿಡೋದೇ ಬೇಡ, ನಿನ್ನ ಮನಸ್ಸಲ್ಲಿರೋದನ್ನ ನಾನೇ —

ಅತ್ತೆ ಕೀಬೋರ್ಡ್ ಮೇಲಿನ ಬಟ್ಟೆ ತೆಗೆದ್ರು.

ಮಡಚ್ತಿದಾರೆ. ನಿಧಾನವಾಗಿ, ನಾಲ್ಕು ಮಡಿಕೆ. ಡ್ರಾಯರ್ ತೆಗೆದು ಒಳಗಿಟ್ರು. ನಾದಿನಿ ನೋಡಿಲ್ಲ, ಪರದೆಯ ಬಣ್ಣಕ್ಕೆ ಹೋಗಿದಾಳೆ. ಹಸಿರು ಹಾಕ್ಸಿದೀನಿ ಅಮ್ಮ, ನಿನಗೆ ಹಸಿರು ಅಂದ್ರೆ ಎಷ್ಟು ಇ —

"ಹಸಿರು ನನಗೆ ಆಗಲ್ಲ. ಬಾಯಿ ಮುಚ್ಚು ಸ್ವಲ್ಪ. ನಾನು ಬರಲ್ಲ."

ನಡುವೆ! ನಡುವೆ ಬಾಯಿ ಹಾಕಿದ್ರು! 'ಇಷ್ಟ' ಅನ್ನೋದನ್ನ ಮುಗಿಸೋಕೆ ಬಿಡಲಿಲ್ಲ! ನಾದಿನಿ ಬಾಯಿ ತೆರೆದೇ ಇದೆ. "ಅಲ್ಲಮ್ಮ, ಆ ಸೋಮವಾರ ನೀನೇ —"

"ಆ ಸೋಮವಾರಾನೂ ಇದನ್ನೇ ಹೇಳಿದ್ದು. ನೀನು ಫೋನ್ ಇಟ್ಟೆ. ಬಂದಿದೀಯ, ಊಟ ಮಾಡ್ಕೊಂಡು ಹೋಗು. ಫೋಟೋ ವಾಪಸ್ ಮೊಳೆಗೆ ಹಾಕು."

ನಾದಿನಿ ಅಳ್ತಿದಾಳೋ ನಗ್ತಿದಾಳೋ ಗೊತ್ತಾಗ್ತಿಲ್ಲ, ಅಮ್ಮನ ಭುಜಕ್ಕೆ ತಲೆ ಇಟ್ಟಿದಾಳೆ. ಮಾವನ ಫೋಟೋ ಒಂದು ಕೈಯಲ್ಲಿ. ರೆಂಡರ್ ಓಡ್ತಾನೇ ಇದೆ. ಲಾಬಿ, ಮೋಡ ಇಲ್ಲದ ಗಾಜು, ಎಲ್ಲ ನಿಧಾನವಾಗಿ ಬರ್ತಿದೆ. ಬರಲಿ. ಈಗ ಎದ್ದು ಹೋಗಿ ಅತ್ತೆ ಕಾಲು ಹಿಡೀಲಾ, ಅಥವಾ ಸುಮ್ನೆ ಇಲ್ಲೇ ಕೂತು —

"ಏನೇ ಅದು ಮೂಲೆಯಲ್ಲಿ ಗೀಚೋದು? ಎದ್ದು ಕಾಫಿ ಇಡು. ಪಾತ್ರೆ ತೊಳೆದ ನೀರಿನ ಹಾಗೆ ಬೇಡ."

ಇಟ್ಟೆ ಅತ್ತೆ, ಒಂದೇ ಒಂದು ಸಾಲು. ಇದೊಂದನ್ನ ಬರೆದು ಮುಗಿಸಿ ಏಳ್ತೀನಿ. ಇವತ್ತಿನ ದಿನ ನನಗೆ ಎಷ್ಟು ಖು —